ಹದಿನೈದು ನಿಮಿಷಕ್ಕೆ ಮೂವತ್ತು ಎಂ.ಎಲ್.

ಬೇರಿಯಾಟ್ರಿಕ್ ಸರ್ಜರಿ ಮಾಡಿಸಿಕೊಂಡೆ ಅಂದ ತಕ್ಷಣ ಜನ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಕೆಜಿ ಇಳೀತು? ಎಷ್ಟು ಖರ್ಚಾಯ್ತು? ಆಸ್ಪತ್ರೆಯಲ್ಲಿ ಕಳೆದ ಆ ಮೂರು ದಿನ ಹೇಗಿತ್ತು ಅಂತ ಕೇಳಿದ್ದು ಒಬ್ಬಳೇ, ಅದೂ ಆಫೀಸಿನಲ್ಲಿ ಮೆಲ್ಲಗೆ ಪಕ್ಕಕ್ಕೆ ಕರೆದು. ಅವಳಿಗೂ ಡೇಟ್ ಫಿಕ್ಸ್ ಆಗಿತ್ತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ. ನಾನು ಡಾಕ್ಟರ್ ಅಲ್ಲ. ನಿಮ್ಮ ಡಾಕ್ಟರ್ ಬೇರೆ ಥರ ಹೇಳಿದ್ದರೆ ಅವರ ಮಾತೇ ಕೇಳಿ.

ನನ್ನ ಕೇಸ್ ಹೀಗಿತ್ತು: ವಯಸ್ಸು 33, ತೂಕ 118 ಕೆಜಿ, ಎತ್ತರ 160 ಸೆಂ.ಮೀ., ಬಿಎಂಐ 46. ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ, ಮೆಟ್ಟಿಲು ಕಂಡರೆ ಮುನಿಸಿಕೊಳ್ಳುವ ಮಂಡಿ, ಗಡಿಯಲ್ಲಿ ನಿಂತಿದ್ದ ಶುಗರ್. ಮಾಡಿಸಿದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಅಂದ್ರೆ ಲ್ಯಾಪರೋಸ್ಕೋಪಿಯಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿ ಆಕಾರದ ಕೊಳವೆ ಮಾಡಿ ಸ್ಟೇಪಲ್ ಹಾಕ್ತಾರೆ. ತೆಗೆದದ್ದು ವಾಪಸ್ ಬರಲ್ಲ.

ಎಚ್ಚರ ಆದಾಗ ಹೊಟ್ಟೆ ನೋವು ಇರುತ್ತೆ ಅಂತ ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ. ಹೊಟ್ಟೆ ಅಷ್ಟೇನೂ ನೋಯಲಿಲ್ಲ. ಐದು ಕಡೆ ಪುಟ್ಟ ಪ್ಲಾಸ್ಟರ್, ಯಾರೋ ಒಳಗಿನಿಂದ ಗುದ್ದಿದ ಹಾಗೆ ಒಂದು ಭಾರ, ಅಷ್ಟೇ. ಗಂಟಲು ಮಾತ್ರ ಉಸಿರಿನ ಟ್ಯೂಬ್ ಹಾಕಿದ್ದರಿಂದ ಒಣಗಿ ಕೆರೀತಿತ್ತು. ನಿಜವಾಗಿ ಪ್ರಾಣ ಹಿಂಡಿದ್ದು ಭುಜ! ಹೊಟ್ಟೆಗೆ ಕತ್ತರಿ ಹಾಕಿದರೆ ಭುಜ ಯಾಕೆ ನೋಯಬೇಕು? ಆಪರೇಷನ್ ಮಾಡುವಾಗ ಒಳಗೆ ಜಾಗ ಆಗಲಿ ಅಂತ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿಸಿರ್ತಾರೆ. ಸ್ವಲ್ಪ ಗ್ಯಾಸ್ ಒಳಗೇ ಉಳಿದು ವಪೆಯನ್ನು ಕೆಣಕುತ್ತೆ. ವಪೆಯ ನರವೂ ಭುಜದ ನರವೂ ಕತ್ತಿನ ಹತ್ತಿರ ಒಂದೇ ಕಡೆ ಸೇರುವುದರಿಂದ, ಮಿದುಳು ನೋವಿನ ವಿಳಾಸ ತಪ್ಪಾಗಿ ಓದಿಕೊಳ್ಳುತ್ತೆ. ಒಂದೆರಡು ದಿನದಲ್ಲಿ ಗ್ಯಾಸ್ ತಾನೇ ಕರಗಿ ಹೋಗುತ್ತೆ. ನನಗೆ ಇಂಜೆಕ್ಷನ್‌ಗಿಂತ ಹೆಚ್ಚು ಆರಾಮ ಕೊಟ್ಟಿದ್ದು ನಡೆದಾಟ.

ನಡೆಸುವುದರಲ್ಲಿ ಮಾತ್ರ ಅವರು ದಯೆ ದಾಕ್ಷಿಣ್ಯ ತೋರಿಸಲ್ಲ. ಮಧ್ಯಾಹ್ನ ಆಪರೇಷನ್ ಆದವಳನ್ನು ರಾತ್ರಿ ಎಂಟಕ್ಕೆ ಸಿಸ್ಟರ್ ಎಬ್ಬಿಸಿ ಕೂರಿಸಿದರು. ಕಾಲಿಗೆ ಗಾಳಿ ತುಂಬಿ ಹಿಂಡುವ ಪಟ್ಟಿಗಳು, ಕೈಯಲ್ಲಿ ಡ್ರಿಪ್. "ಮೇಡಂ, ಬಾತ್‌ರೂಮ್ ಬಾಗಿಲ ತನಕ ಸಾಕು." ಎಂಟು ಹೆಜ್ಜೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿದಷ್ಟು ಹೊತ್ತು ಹಿಡೀತು. ಇದು ಸುಮ್ಮನೆ ಶಿಸ್ತಿಗಲ್ಲ. ಮಲಗೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ, ತೂಕ ಜಾಸ್ತಿ ಇರುವವರಿಗೆ ಇನ್ನೂ ಹೆಚ್ಚು. ಪಟ್ಟಿ, ನಡಿಗೆ, ಹೊಟ್ಟೆಯ ಚರ್ಮಕ್ಕೆ ಚುಚ್ಚುವ ರಕ್ತ ತೆಳುವಾಗಿಸುವ ಇಂಜೆಕ್ಷನ್, ಎಲ್ಲ ಅದಕ್ಕೇ. ಜೊತೆಗೆ ಮೂರು ಚೆಂಡಿನ ಒಂದು ಪ್ಲಾಸ್ಟಿಕ್ ಡಬ್ಬಿ ಕೊಡ್ತಾರೆ. ಉಸಿರು ಎಳೆದು ಚೆಂಡು ಮೇಲಕ್ಕೆತ್ತಬೇಕು. ಊದುವುದಲ್ಲ, ಎಳೆಯುವುದು. ಮೊದಲ ದಿನ ನನ್ನದು ಒಂದೇ ಚೆಂಡು ಎದ್ದಿದ್ದು.

ಎರಡನೇ ದಿನ ಬೆಳಗ್ಗೆ ನೀರು ಬಂತು. ಔಷಧಿ ಅಳೆಯುವಂಥ ಪುಟ್ಟ ಕಪ್ಪಿನಲ್ಲಿ 30 ಎಂ.ಎಲ್. ಅದನ್ನು ಹದಿನೈದು ನಿಮಿಷ ಕುಡೀಬೇಕು. ದೇವಸ್ಥಾನದ ತೀರ್ಥದ ಹಾಗೆ. ಗಟಗಟ ಇಲ್ಲ, ಸ್ಟ್ರಾ ಇಲ್ಲ. ಸ್ಟ್ರಾದಲ್ಲಿ ಗಾಳಿಯೂ ಒಳಗೆ ಹೋಗುತ್ತೆ. ಮೊದಲ ಗುಟುಕು ಎದೆಯ ಕೆಳಗೆ ಎಲ್ಲಿ ಹೋಯಿತು, ಎಲ್ಲಿ ನಿಂತಿತು ಅಂತ ಬೆರಳಿಟ್ಟು ತೋರಿಸಬಹುದಿತ್ತು. ಹೊಲಿಗೆಯ ಕೊಳವೆ ಊದಿಕೊಂಡಿರುತ್ತಲ್ಲ, ಅದಕ್ಕೆ. ಸ್ವಲ್ಪ ಅವಸರ ಆದರೂ ಎದೆ ಬಿಗಿದು ಬಾಯಲ್ಲಿ ನೊರೆ ಬರುತ್ತೆ.

ಹಸಿವು? ಇರಲೇ ಇಲ್ಲ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಕತ್ತರಿಸಿ ತೆಗೆದ ಭಾಗದಲ್ಲೇ. ಆದರೆ ಸಂಜೆ ಯಾರೋ ಕಾರಿಡಾರಿನಲ್ಲಿ ಮಸಾಲೆ ದೋಸೆ ಪಾರ್ಸೆಲ್ ಹಿಡಿದು ಹೋದಾಗ ಕಣ್ಣಲ್ಲಿ ನೀರು ಬಂತು. ಹೊಟ್ಟೆ ಬೇಡ ಅಂತಿದೆ, ತಲೆ ಬೇಕು ಅಂತಿದೆ. ಇಷ್ಟು ವರ್ಷ ಇಬ್ಬರೂ ಒಬ್ಬರೇ ಅಂದುಕೊಂಡಿದ್ದೆ.

ಈ ಹೊತ್ತಿಗೆ ನನ್ನಮ್ಮನ ಬಗ್ಗೆ ಹೇಳಬೇಕು. ಅಮ್ಮ ತಿಪಟೂರಿನವರು. ನಮ್ಮ ಮನೆಯಲ್ಲಿ ಜ್ವರ ಬಂದರೆ ಗಂಜಿ, ಪರೀಕ್ಷೆ ಪಾಸಾದರೆ ಒಬ್ಬಟ್ಟು, ಜಗಳ ಆದರೆ ಮಾತಿಲ್ಲದೆ ಎರಡು ಚಪಾತಿ ಜಾಸ್ತಿ. ಪ್ರೀತಿಗೆ ಅಲ್ಲಿ ಬೇರೆ ಭಾಷೆ ಇಲ್ಲ. ಅಂಥವರು ತೋಟದಿಂದ ಆರು ಎಳನೀರು ಹೊರಿಸಿಕೊಂಡು ಬಂದಿದ್ದರು. ಡಯಟಿಷಿಯನ್ ಲೆಕ್ಕ ಹೇಳಿದರು: ಒಂದು ಎಳನೀರು 300 ಎಂ.ಎಲ್. ಅಂದುಕೊಂಡರೆ ಹತ್ತು ಕಪ್, ಎರಡೂವರೆ ಗಂಟೆ. ಅಮ್ಮನ ಮುಖ ನೋಡಬೇಕಿತ್ತು. ಮಗಳಿಗೆ ಏನೂ ಬಡಿಸುವ ಹಾಗಿಲ್ಲ. ಹಾಗಾದರೆ ತಾನು ಇಲ್ಲಿ ಯಾಕೆ ಕೂತಿದ್ದೇನೆ ಅನ್ನುವ ಪ್ರಶ್ನೆ ಆ ಮುಖದಲ್ಲಿತ್ತು.

ಅದೇ ದಿನ ಚಿಕ್ಕಪ್ಪ ನೋಡೋಕೆ ಬಂದರು. ಸೇಬು ಟೇಬಲ್ ಮೇಲಿಟ್ಟು, "ಇಷ್ಟು ದುಡ್ಡು ಸುರಿಯೋ ಬದಲು ರಾತ್ರಿ ಊಟ ಬಿಟ್ಟಿದ್ರೆ ಆಗ್ತಿತ್ತಲ್ಲಮ್ಮ" ಅಂದರು. ಉತ್ತರ ಕೊಡುವ ಶಕ್ತಿ ನನಗಿರಲಿಲ್ಲ. ಅಮ್ಮ ತಲೆ ಎತ್ತದೆ ಹೇಳಿದರು: "ಬಿಟ್ಟು ನೋಡಿದಾಳೆ ಕಣಪ್ಪ, ಹತ್ತು ವರ್ಷ. ತಟ್ಟೆ ಮುಂದೆ ಅಳೋದನ್ನ ನಾನು ನೋಡಿದೀನಿ." ಅಮ್ಮನಿಗೆ ಅದು ಗೊತ್ತಿತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ.

ಎರಡನೇ ರಾತ್ರಿಗೆ ತಯಾರಾಗಿರಿ. ಅರಿವಳಿಕೆಯ ಮಂಪರು ಪೂರ್ತಿ ಇಳಿದಿರುತ್ತೆ, ನಿದ್ದೆ ಸರಿಯಾಗಿ ಬರಲ್ಲ, ಅವತ್ತು ಬೆಳಗ್ಗೆ ತೂಕ ನೋಡಿದರೆ ಎರಡು ಕೆಜಿ ಜಾಸ್ತಿ ಆಗಿದೆ! ಡ್ರಿಪ್ಪಿನಲ್ಲಿ ಹೋದ ನೀರಿನ ತೂಕ ಅದು, ಕೆಲವು ದಿನದಲ್ಲಿ ಇಳಿಯುತ್ತೆ. ಆದರೆ ನಡುರಾತ್ರಿ ಎರಡು ಗಂಟೆಗೆ ಆ ಸಮಾಧಾನ ಕೆಲಸ ಮಾಡಲ್ಲ. ಮೈಯ ಒಂದು ಅಂಗ ಕೊಟ್ಟುಬಿಟ್ಟೆ, ಇನ್ನು ಜೀವನಪೂರ್ತಿ ಮದುವೆಮನೆ ಎಲೆಯ ಮುಂದೆ ಹೇಗೆ ಕೂರಲಿ ಅಂತ ಗೋಡೆಗೆ ಮುಖ ಮಾಡಿ ಅತ್ತೆ. ಡ್ರಿಪ್ ಬದಲಿಸಲು ಬಂದ ಸಿಸ್ಟರ್ ದಿಂಬು ಸರಿ ಮಾಡಿ, "ಸೆಕೆಂಡ್ ನೈಟ್ ಎಲ್ಲರೂ ಅಳ್ತಾರೆ ಮೇಡಂ. ಥರ್ಡ್ ನೈಟ್ ಮನೆಗೆ ಹೋಗ್ತಾರೆ" ಅಂದರು. ಅದಕ್ಕಿಂತ ಒಳ್ಳೆಯ ಕೌನ್ಸೆಲಿಂಗ್ ನನಗೆ ಆಮೇಲೂ ಸಿಗಲಿಲ್ಲ.

ಬೆಳಗ್ಗೆ ಅಮ್ಮ ಚೀಲದಿಂದ ಒಂದು ಬೆಳ್ಳಿ ಒಳಲೆ ತೆಗೆದರು. ನಾನು ಮಗುವಾಗಿದ್ದಾಗ ಹಾಲು ಕುಡಿಸಿದ್ದು. ಅಣ್ಣನ ಹತ್ತಿರ ಊರಿಂದ ತರಿಸಿದ್ದರು. ಕುದಿಯುವ ನೀರಲ್ಲಿ ತೊಳೆಸಿ, ಆಸ್ಪತ್ರೆಯ ಕಪ್ಪಿನಿಂದ ಅಳೆದು ನೋಡಿದರು. ತುಂಬಿದರೆ 30 ಎಂ.ಎಲ್.ಗೆ ಕೊಂಚ ಕಮ್ಮಿ. "ಸರಿಯಾಗಿದೆ" ಅಂದವರೇ ಕೈಗಡಿಯಾರ ಬಿಚ್ಚಿ ಮಂಚದ ಮೇಲಿಟ್ಟುಕೊಂಡು ಕೂತರು. ಆಮೇಲಿಂದ ಡ್ಯೂಟಿ ಅವರದು. "ಹದಿನೈದು ನಿಮಿಷ ಆಯ್ತು ಪುಟ್ಟಿ, ಇನ್ನೊಂದು." ನಾನು ಬೇಗ ಮುಗಿಸಿದರೆ ಗದರುತ್ತಿದ್ದರು. ಜೀವಮಾನವಿಡೀ "ಇನ್ನೊಂಚೂರು ಹಾಕ್ಕೋ" ಅಂದ ಹೆಂಗಸು "ನಿಧಾನ, ಸಾಕು" ಅನ್ನುವುದನ್ನು ಒಂದೇ ದಿನದಲ್ಲಿ ಕಲಿತರು. ನನಗೆ ಅದನ್ನು ಕಲಿಯೋಕೆ ಒಂದು ಆಪರೇಷನ್ ಬೇಕಾಯಿತು.

ಮೂರನೇ ದಿನ ಡಿಸ್ಚಾರ್ಜ್. ಬೆಳಗ್ಗೆ 9ಕ್ಕೆ ಹೇಳಿದರು, ಇನ್ಶೂರೆನ್ಸ್ ಒಪ್ಪಿಗೆ ಬಂದು ಹೊರಬಿದ್ದಾಗ ಸಂಜೆ 5. ಕಾಯುವ ಹೊತ್ತಿನಲ್ಲಿ ಡಿಸ್ಚಾರ್ಜ್ ಹಾಳೆಯನ್ನು ಜೊತೆಗಿರುವವರ ಕೈಲೂ ಓದಿಸಿ. ಜ್ವರ, ಸುಮ್ಮನೆ ಕೂತಿದ್ದರೂ ನಿಮಿಷಕ್ಕೆ 120 ದಾಟುವ ನಾಡಿ, ಹೆಚ್ಚುತ್ತಾ ಹೋಗುವ ಹೊಟ್ಟೆನೋವು, ಉಸಿರಾಟದ ತೊಂದರೆ, ಒಂದು ಕಾಲಿನ ಮೀನಖಂಡ ಮಾತ್ರ ಊದಿಕೊಳ್ಳುವುದು, ಗುಟುಕು ನೀರೂ ನಿಲ್ಲದ ವಾಂತಿ: ಇವುಗಳಲ್ಲಿ ಯಾವುದು ಬಂದರೂ "ಬೆಳಗ್ಗೆ ನೋಡೋಣ" ಅನ್ನಬೇಡಿ, ನೇರ ಆಸ್ಪತ್ರೆಗೆ ಹೋಗಿ. ಹೊಲಿಗೆ ಸೋರುವುದು ಅಪರೂಪ, ಆದರೆ ಸೋರಿದರೆ ಗಂಟೆಗಳ ಲೆಕ್ಕ. ತಲೆನೋವಿಗೆ ಅಂತ ಐಬುಪ್ರೊಫೆನ್ ಥರದ ಮಾತ್ರೆ ನುಂಗಬೇಡಿ, ಹುಣ್ಣಾಗುತ್ತೆ. ಮೊದಲ ಎರಡು ವಾರ ದ್ರವವೇ, ಆಮೇಲೆ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿನದು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಗುರಿ. ಬಿ12 ಮತ್ತಿತರ ವಿಟಮಿನ್‌ಗಳು ಜೀವನಪೂರ್ತಿ. ಮೂರು ತಿಂಗಳ ಸುಮಾರಿಗೆ ಕೂದಲು ಉದುರುತ್ತೆ, ಸಾಮಾನ್ಯವಾಗಿ ಮತ್ತೆ ಬರುತ್ತೆ.

ಬ್ಯಾಗಿಗೆ ಲಿಪ್ ಬಾಮ್, ಮುಂದೆ ಗುಂಡಿ ಇರುವ ಸಡಿಲ ನೈಟಿ, ಉದ್ದ ವೈರಿನ ಚಾರ್ಜರ್, ಬಗ್ಗದೆ ಹಾಕಿಕೊಳ್ಳುವ ಚಪ್ಪಲಿ, ಕಾರಿನಲ್ಲಿ ಸೀಟ್ ಬೆಲ್ಟ್ ಮತ್ತು ಹೊಟ್ಟೆಯ ನಡುವೆ ಇಡೋಕೆ ಸಣ್ಣ ದಿಂಬು. ಇಷ್ಟು ಸಾಕು. ಜೊತೆಗೆ ಯಾರು ಇರಬೇಕು ಅನ್ನುವುದನ್ನು ಮಾತ್ರ ಇನ್ನೂ ಹುಷಾರಾಗಿ ಆರಿಸಿಕೊಳ್ಳಿ. ತುಂಬಾ ಮಾತಾಡಿ ಧೈರ್ಯ ಹೇಳುವವರು ಬೇಡ. ಗಡಿಯಾರ ನೋಡುತ್ತಾ, ಬೇಸರ ಮಾಡಿಕೊಳ್ಳದೆ, ಒಂದು ಎಳನೀರಿಗೆ ಎರಡೂವರೆ ಗಂಟೆ ಕೊಡುವವರು ಬೇಕು.