ತೈಪೆಯಲ್ಲಿರುವ ಮಗಳಿಗೆ

ಹುದಿಕೇರಿ

ಪ್ರೀತಿಯ ಮಗಳೇ,

ತೈಪೆಯ ಶಾಲೆಯೊಂದರಲ್ಲಿ ಮತ ಎಣಿಸುವುದನ್ನು ನೋಡಿದೆನೆಂದು ಬರೆದಿದ್ದೀಯ. ಒಂದೊಂದೇ ಮತಪತ್ರ ಎತ್ತಿ ತೋರಿಸುತ್ತಾರೆ, ಹೆಸರು ಕೂಗುತ್ತಾರೆ, ಗೋಡೆಯ ಹಾಳೆಯಲ್ಲಿ ಗೆರೆ ಎಳೆಯುತ್ತಾರೆ. ದಾರಿಹೋಕರೂ ನಿಂತು ನೋಡಬಹುದು. ಓದಿ ಮನಸ್ಸು ತುಂಬಿತು.

ತೈವಾನ್ ದ್ವೀಪಕ್ಕೂ ನಮ್ಮ ಕೊಡಗಿಗೂ ಹಳೆಯ ನಂಟಿದೆ. ಕೊರಿಯಾ ಯುದ್ಧ ಮುಗಿದಾಗ, ಊರಿಗೆ ಮರಳಲು ಒಪ್ಪದ ಕೈದಿಗಳ ವಿಚಾರ ನೋಡಿಕೊಳ್ಳಲು ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಜನರಲ್ ತಿಮ್ಮಯ್ಯ. ಆ ಕೈದಿಗಳಲ್ಲಿ 14 ಸಾವಿರಕ್ಕೂ ಹೆಚ್ಚು ಚೀನೀ ಸೈನಿಕರು 1954ರ ಜನವರಿಯಲ್ಲಿ ತೈವಾನಿಗೆ ಹೋದರು. ಆದರೆ ಶಿಬಿರದ ಮುಖಂಡರ ಭಯದಲ್ಲಿ ಕೈದಿಗಳು ಮನಸ್ಸು ಬಿಚ್ಚಿ ಮಾತಾಡುವಂತಿರಲಿಲ್ಲ ಎಂದು ಆಯೋಗದ ಬಹುಮತದ ವರದಿಯೇ ಹೇಳಿತು. ಇಲ್ಲಿ ತಿಮ್ಮಯ್ಯನವರ ಶೌರ್ಯವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಈ ಪ್ರಾಮಾಣಿಕತೆಯೇ ದೊಡ್ಡದು.

ಹೋದವರಿಗೆ ಅಲ್ಲಿ ಸಿಕ್ಕಿದ್ದು ಸ್ವಾತಂತ್ರ್ಯವೇ? 1949ರಲ್ಲಿ ಹೇರಿದ ಸೇನಾ ಕಾನೂನು ತೆರವಾದದ್ದು 1987ರ ಜುಲೈಯಲ್ಲಿ. 1940ರ ದಶಕದಲ್ಲಿ ಚೀನಾದಲ್ಲಿ ಆಯ್ಕೆಯಾದ ಸದಸ್ಯರು 1991ರವರೆಗೂ ಸಂಸತ್ತಿನಲ್ಲಿ ಕುಳಿತೇ ಇದ್ದರು. ಅವರು ಹಾಗೆ ಕುಳಿತಿದ್ದ ಕಾಲದಲ್ಲೇ, 1952ರಲ್ಲಿ, ನಮ್ಮ ಪುಟ್ಟ ಕೊಡಗು 24 ಜನರ ಸ್ವಂತ ವಿಧಾನಸಭೆಯನ್ನು ಆರಿಸಿ ಸಿ.ಎಂ. ಪೂಣಚ್ಚನವರನ್ನು ಮುಖ್ಯಮಂತ್ರಿ ಮಾಡಿಕೊಂಡಿತ್ತು. 1956ರಲ್ಲಿ ಮೈಸೂರಿಗೆ ಸೇರಿದಾಗ ಆ ಸಭೆ ಹೋಯಿತು. ಆದರೆ ಮತ ನಮ್ಮ ಕೈಯಲ್ಲೇ ಉಳಿಯಿತು.

ತೈವಾನಿನವರು ಮತದ ಹಕ್ಕನ್ನು ಕಷ್ಟಪಟ್ಟು ಗಳಿಸಿದರು. 1979ರ ಡಿಸೆಂಬರಿನಲ್ಲಿ ಕಾವ್‌ಶುಂಗ್ ನಗರದಲ್ಲಿ ಮೆರವಣಿಗೆ ಮಾಡಿದ ಆಡಳಿತವಿರೋಧಿ ಮುಖಂಡರನ್ನು ಸೇನಾ ನ್ಯಾಯಾಲಯಕ್ಕೆ ಎಳೆದರು. ಅವರ ಪರ ವಾದಿಸಿದ ವಕೀಲರಲ್ಲಿ ಒಬ್ಬರಾದ ಚೆನ್ ಶುಯಿ-ಬಿಯನ್ 2000ದಲ್ಲಿ ಅಧ್ಯಕ್ಷರಾದರು. ಹೊಸ ಪಕ್ಷಗಳಿಗೆ ನಿಷೇಧವಿದ್ದಾಗಲೇ, 1986ರಲ್ಲಿ, ವಿರೋಧಿಗಳು ಪಕ್ಷ ಕಟ್ಟಿದರು. 1996ರ ಮಾರ್ಚಿನಲ್ಲಿ ಸುತ್ತಲ ಸಮುದ್ರಕ್ಕೆ ಚೀನಾದ ಕ್ಷಿಪಣಿಗಳು ಬಿದ್ದರೂ ಜನ ಮತಗಟ್ಟೆಗೆ ನಡೆದು, ಮೊದಲ ಬಾರಿ ತಮ್ಮ ಅಧ್ಯಕ್ಷರನ್ನು ತಾವೇ ಆರಿಸಿದರು. ಚೀನೀಯರ ಸಂಸ್ಕೃತಿಗೆ ಪ್ರಜಾಪ್ರಭುತ್ವ ಒಗ್ಗದು ಎನ್ನುವವರ ಮಾತನ್ನು ನಾನು ನಂಬುವುದಿಲ್ಲ.

ಅಲ್ಲಿ ಹಿರಿಯರು ಸಿಕ್ಕರೆ 1987ರ ಹಿಂದಿನ ದಿನಗಳ ಬಗ್ಗೆ ಕೇಳು. ಹೇಳಿದ್ದನ್ನು ನನಗೆ ಬರೆ. ಮುಂದಿನ ಚುನಾವಣೆಗೆ ರಜೆ ಹಾಕಿ ಊರಿಗೆ ಬಾ, ಹುದಿಕೇರಿಯಲ್ಲೇ ಮತ ಹಾಕು.

ನಿನ್ನ ಅಪ್ಪ