ಹೊಸಂಗಡಿ ಹೆದ್ದಾರಿಯಲ್ಲಿ ಕಂಡ ಬಣ್ಣದ ಗೆರೆ

ಮಂಗಳೂರಿನಿಂದ ದಕ್ಷಿಣಕ್ಕೆ ಹೊರಟು ತಲಪಾಡಿ ಗಡಿ ದಾಟಿ ಸ್ವಲ್ಪ ಮುಂದೆ ಬಂದರೆ ಮಂಜೇಶ್ವರಕ್ಕೆ ಹೊಂದಿಕೊಂಡ ಹೊಸಂಗಡಿ ಪೇಟೆ ಸಿಗುತ್ತದೆ. ಹೆಸರಿನಲ್ಲೇ ಅಂಗಡಿಯನ್ನು ಹೊತ್ತ ಊರು. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ – ಯಾವ ಭಾಷೆಯಲ್ಲಿ ಕೇಳಿದರೂ ಇಲ್ಲಿ ವ್ಯಾಪಾರ ನಡೆಯುತ್ತದೆ. ಬಂಗ್ರಮಂಜೇಶ್ವರದ ಬಸದಿಯ ದರ್ಶನಕ್ಕೆಂದು ಕುಟುಂಬ ಸಮೇತ ಹೊರಟಿದ್ದ ನಾವು ಎಳನೀರು ಕುಡಿಯಲು ಇಲ್ಲಿ ಇಳಿದೆವು.

ಹೆದ್ದಾರಿಯಲ್ಲಿ ನವಿಲು, ಕಮಲ ಬರೆದ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ಆದರೆ ಕೇರಳದ ಪ್ರವಾಸಿ ಬಸ್ಸುಗಳು ಮಾತ್ರ ಬಿಳಿ. ಕಾರಣವೇನೆಂದು ಮಕ್ಕಳು ಕೇಳಿದರು. ಒಂದು ಕಾಲಕ್ಕೆ ಆ ಬಸ್ಸುಗಳ ಮೈತುಂಬ ಚಿತ್ರಗಳಿದ್ದವು. 2022ರ ಅಕ್ಟೋಬರಿನಲ್ಲಿ ಪಾಲಕ್ಕಾಡು ಜಿಲ್ಲೆಯ ವಡಕ್ಕಂಚೇರಿಯಲ್ಲಿ ಪ್ರವಾಸಿ ಬಸ್ಸೊಂದರ ಅಪಘಾತಕ್ಕೆ 9 ಜನ ಬಲಿಯಾದರು. ಆ ಬಳಿಕ ಬಿಳಿ ಬಣ್ಣದ ನಿಯಮ ಬಿಗಿಯಾಯಿತು.

ವಾಹನವನ್ನು ಮದುಮಗಳಂತೆ ಸಿಂಗರಿಸುವ ಆಸೆ ನಮ್ಮ ಲಾರಿಯವರಿಗೆ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ ಹಳೆಯ ಶೆವರ್ಲೆ, ಫೋರ್ಡ್ ಕಾರುಗಳನ್ನು ಪ್ರದರ್ಶನಕ್ಕೆಂದೇ ಸಿಂಗರಿಸುತ್ತಾರೆ. ಮೊದಲು ಬೆಳ್ಳಿ ಇಲ್ಲವೇ ಚಿನ್ನದ ಬಣ್ಣ ಹೊಡೆದು, ಅದರ ಮೇಲೆ ಪಾರದರ್ಶಕ ಕೆಂಪನ್ನು ಪದರ ಪದರವಾಗಿ ಸಿಂಪಡಿಸುತ್ತಾರೆ. ಬೆಳಕು ಕೆಂಪನ್ನು ದಾಟಿ, ತಳದ ಬೆಳ್ಳಿಗೆ ತಾಗಿ ಮರಳುವುದರಿಂದ ಸಕ್ಕರೆ ಪಾಕದಲ್ಲಿ ಅದ್ದಿದ ಸೇಬಿನ ಹೊಳಪು ಬರುತ್ತದೆ. ಇದಕ್ಕೆ ಕ್ಯಾಂಡಿ ಬಣ್ಣವೆಂದು ಹೆಸರು. ಇನ್ನೊಂದು ವಿಧಾನದಲ್ಲಿ ಲೇಸ್ ಬಟ್ಟೆಯನ್ನು ಬಾನೆಟ್ ಮೇಲೆ ಬಿಗಿದು ಬಣ್ಣ ಸಿಂಪಡಿಸುತ್ತಾರೆ. ಬಟ್ಟೆ ತೆಗೆದರೆ ಹೂಬಳ್ಳಿ ಮೂಡಿರುತ್ತದೆ. ನಮ್ಮ ಹೆಣ್ಣುಮಕ್ಕಳು ಅಚ್ಚಿನಿಂದ ರಂಗೋಲಿ ಹಾಕುವ ಉಪಾಯವೇ ಇದು! ಲಾಸ್ ಏಂಜಲೀಸಿನ ‘ಜಿಪ್ಸಿ ರೋಸ್’ ಎಂಬ 1964ರ ಶೆವರ್ಲೆ ಇಂಪಾಲಾ ಕಾರಿನ ಮೈತುಂಬ ಗುಲಾಬಿಗಳು. 2017ರಲ್ಲಿ ಅದನ್ನು ರಾಜಧಾನಿ ವಾಷಿಂಗ್ಟನ್ನಿನಲ್ಲಿ ಪ್ರದರ್ಶನಕ್ಕಿಟ್ಟು ಗೌರವಿಸಿದರು.

ಕೊನೆಯ ಕೆಲಸ ಕೂದಲೆಳೆಯಷ್ಟು ಸಣ್ಣ ಗೆರೆ. 1950ರ ದಶಕದಲ್ಲಿ ಇದನ್ನು ಕಾರುಗಳ ಮೇಲೆ ಪ್ರಸಿದ್ಧಗೊಳಿಸಿದವರು ಕ್ಯಾಲಿಫೋರ್ನಿಯಾದ ಕೆನೆತ್ ಹೋವರ್ಡ್. ‘ವಾನ್ ಡಚ್’ ಎಂಬುದು ಅವರ ಅಡ್ಡಹೆಸರು. ಇದಕ್ಕೆ ಗಿಡ್ಡ ಹಿಡಿಯ, ಕತ್ತಿಯಾಕಾರದ ಉದ್ದ ಕೂದಲಿನ ಕುಂಚ ಬೇಕು. ಅದು ಬಣ್ಣವನ್ನು ಹೆಚ್ಚು ಹಿಡಿದಿಟ್ಟುಕೊಳ್ಳುವುದರಿಂದ ಗೆರೆ ಮಧ್ಯದಲ್ಲಿ ತುಂಡಾಗುವುದಿಲ್ಲ. ಸಾಂಪ್ರದಾಯಿಕವಾಗಿ ಆ ಕೂದಲು ಅಳಿಲಿನದು.

ನಾವು ಯೋಚಿಸಬೇಕಾದದ್ದು ಇಲ್ಲಿಯೇ. ಕ್ಯಾಂಡಿ ಹೊಳಪಿಗೆ, ಲೇಸಿನ ಬಳ್ಳಿಗೆ ಗಾಳಿಯಲ್ಲಿ ಸಿಂಪಡಿಸುವ ಗನ್ ಸಾಕು, ಕುಂಚವೇ ಬೇಡ. ಒಂದು ಗೆರೆಗಾಗಿ ಮಾತ್ರ ಒಂದು ಜೀವದ ಮೈಕೂದಲು! ನಮ್ಮಲ್ಲಿಯೂ ಚಿತ್ರಗಾರರ ಕುಂಚಕ್ಕಾಗಿ ಮುಂಗುಸಿಗಳನ್ನು ಕೊಲ್ಲುತ್ತ ಬಂದಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮುಂಗುಸಿ ಕೂದಲಿನ ಕುಂಚ ಮಾರುವುದು ಅಪರಾಧ. ಗೋಡೆಗೆ ಬಣ್ಣ ಬಳಿಯುವ ಬ್ರಷ್ಷುಗಳಲ್ಲಿ ಹಂದಿಯ ಕೂದಲಿನವು ಹಲವು.

ಪೇಟೆಯ ಬಣ್ಣದ ಅಂಗಡಿಯೊಂದರಲ್ಲಿ ಸಣ್ಣ ಕುಂಚವೊಂದನ್ನು ಹಿಡಿದು, ‘ಇದು ಎಂಥದರ ಕೂದಲು ಅಣ್ಣಾ?’ ಎಂದು ಕೇಳಿದೆವು. ‘ಅದೆಲ್ಲ ಯಾರೂ ಕೇಳುವುದಿಲ್ಲ ಮಾರಾಯ್ರೆ, ಗೆರೆ ಲಾಯ್ಕ ಬರ್ತದೆ’ ಎಂದರು. ಅವರ ಮಾತು ನಿಜವೇ. ಕೊಳ್ಳುವವರು ಕೇಳದಿದ್ದರೆ ಮಾರುವವರು ಏಕೆ ವಿಚಾರಿಸಿಯಾರು?

ಬಣ್ಣ, ಹಾರ್ಡ್‌ವೇರ್, ಸ್ಟೇಷನರಿ ವ್ಯಾಪಾರದಲ್ಲಿರುವ ನಮ್ಮ ಬಂಧುಗಳಿಗೆ ಪರೀಕ್ಷೆಯ ಸುಲಭ ದಾರಿಯೊಂದಿದೆ. ಕುಂಚದಿಂದ ಒಂದೆರಡು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಪ್ರಾಣಿಯ ಕೂದಲಾದರೆ ತಲೆಗೂದಲು ಸುಟ್ಟ ವಾಸನೆ ಬಂದು ಪುಡಿ ಬೂದಿಯಾಗುತ್ತದೆ. ನೈಲಾನ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ನೈಲಾನ್, ಪಾಲಿಯೆಸ್ಟರ್ ಎಳೆಗಳ ಕುಂಚ ಈಗ ಎಲ್ಲ ಅಳತೆಗಳಲ್ಲಿಯೂ ದೊರೆಯುತ್ತದೆ. ಗೆರೆ ಎಳೆಯುವವರು ಬಣ್ಣದಲ್ಲಿ ಇನ್ನೊಂದು ಸಲ ಅದ್ದಬೇಕಾದೀತು, ಅಷ್ಟೇ.

ಅಡುಗೆಮನೆಯಲ್ಲಿ ನೀರು ಸೋಸಿ ಕುಡಿಯುವವರು ನಾವು. ಅಂಗಡಿಗೆ ಬರುವ ಸರಕನ್ನೂ ಒಮ್ಮೆ ಸೋಸಿ ನೋಡೋಣ. ಮುಂದಿನ ಸಲ ಕುಂಚಗಳ ಆರ್ಡರ್ ಕೊಡುವಾಗ ಎಳೆ ಯಾವುದೆಂದು ಸಗಟು ವ್ಯಾಪಾರಿಗಳಿಂದ ಬಿಲ್ಲಿನಲ್ಲಿಯೇ ಬರೆಸಿಕೊಳ್ಳೋಣ.