ಕೋಸಿನ ನೀರು ಇಂಗುವ ತನಕ

ಎಲೆಕೋಸು, ಖೀಮಾ ತುಂಬಿ ಸುಡುವ ಬನ್ನು ಬೀರಾಕ್. ಅದು ರುಚಿಯಾಗಬೇಕಾದರೆ ಮಾಂಸಕ್ಕಿಂತ ಹೆಚ್ಚು ಎಲೆಕೋಸನ್ನು ವಿಚಾರಿಸಿಕೊಳ್ಳಬೇಕು. ಸಣ್ಣಗೆ ಹೆಚ್ಚಿದ ಇಡೀ ಕೋಸು ಮೊದಲು ಬಾಣಲೆಯಲ್ಲಿ ಗುಡ್ಡದ ಹಾಗೆ ನಿಂತಿರುತ್ತದೆ. ಉಪ್ಪು ಬಿದ್ದದ್ದೇ ತಡ, ನೀರು ಬಿಟ್ಟುಕೊಂಡು ಅರ್ಧಕ್ಕಿಳಿಯುತ್ತದೆ. ಆ ನೀರು ಪೂರ್ತಿ ಇಂಗಬೇಕು. ಹಸಿ ಹೂರಣವನ್ನೇ ತುಂಬಿದರೆ ಬನ್ನಿನ ತಳ ಬೇಯದೆ ಮುದ್ದೆಯಾಗುತ್ತದೆ, ಅಂಚು ಬಿಚ್ಚಿಕೊಳ್ಳುತ್ತದೆ. ನೀರು ಹೋದ ಮೇಲೂ ಕೋಸಿನ ತುದಿಗಳು ಕಂದುಬಣ್ಣಕ್ಕೆ ತಿರುಗುವವರೆಗೆ ಕೈಯಾಡಿಸುತ್ತ ನಿಲ್ಲಬೇಕು. ಅದರ ಸಿಹಿ ಹೊರಬರುವುದು ಆಗಲೇ.

ನಾನಿರುವುದು ನೆಬ್ರಾಸ್ಕಾದ ಲಿಂಕನ್ನಿನಲ್ಲಿ. ಇಲ್ಲಿಯವರು ಇದನ್ನು ಉದ್ದುದ್ದ ಮಾಡಿ ರನ್ಜಾ ಅನ್ನುತ್ತಾರೆ. ಆ ಹೆಸರಿನ ಅಂಗಡಿ 1949ರಲ್ಲಿ ಈ ಊರಿನಲ್ಲೇ ಶುರುವಾಯಿತು. ದಕ್ಷಿಣಕ್ಕೆ, ಕ್ಯಾನ್ಸಸ್ಸಿಗೆ ಹೋದರೆ ಅದೇ ತಿಂಡಿ ಗುಂಡಗಾಗಿ ಬೀರಾಕ್ ಆಗುತ್ತದೆ. ಎರಡೂ ವೋಲ್ಗಾ ಜರ್ಮನ್ನರ ಮನೆಯಡುಗೆ. 1763ರಲ್ಲಿ ರಷ್ಯದ ರಾಣಿ ಎರಡನೆಯ ಕ್ಯಾಥರೀನ್ ಕೊಟ್ಟ ಕರೆಯನ್ನು ನಂಬಿ ಜರ್ಮನ್ ನಾಡುಗಳ ರೈತರು, ಕಸುಬುದಾರರು ವೋಲ್ಗಾ ನದಿಯ ದಂಡೆಗೆ ಹೋಗಿ ನೆಲೆಸಿದವರು. ಅವರ ಧರ್ಮ ಅವರಿಗೆ, ಸೈನ್ಯದ ಬಲವಂತ ಇಲ್ಲ ಎಂಬ ಮಾತಿತ್ತು. ನೂರು ವರ್ಷ ದಾಟಿದ ಮೇಲೆ ಆ ಮಾತು ಮುರಿಯಿತು. 1874ರಲ್ಲಿ ಕಡ್ಡಾಯ ಸೈನ್ಯ ಅವರಿಗೂ ಬಂತು. ಸಾವಿರಾರು ಜನ ಗಂಟುಮೂಟೆ ಕಟ್ಟಿ ಅಮೆರಿಕದ ಈ ಬಯಲಿಗೆ, ಅರ್ಜೆಂಟೀನಾಕ್ಕೆ ಹೊರಟರು. ವೋಲ್ಗಾ ದಂಡೆಯಲ್ಲೇ ಉಳಿದವರ ಸಂತಾನವನ್ನು 1941ರಲ್ಲಿ ಸ್ಟಾಲಿನ್ ಸರ್ಕಾರ ಸೈಬೀರಿಯಾಕ್ಕೆ, ಕಜಾಕಸ್ತಾನಕ್ಕೆ ಅಟ್ಟಿತು.

ಇಲ್ಲಿಗೆ ಬಂದವರು ಮನೆಮಂದಿಯೆಲ್ಲ, ಮಕ್ಕಳು ಸಹ, ಸಕ್ಕರೆ ಬೀಟಿನ ಹೊಲಗಳಲ್ಲಿ ಬಗ್ಗಿ ದುಡಿದರು. ತಟ್ಟೆ, ಚಮಚ ಬೇಡದೆ ಮಣ್ಣಿನ ಕೈಯನ್ನು ಒರೆಸಿಕೊಂಡು ತಿನ್ನಬಹುದಾದ ಊಟ ಅಂಥವರಿಗೆ ಬೇಕಿತ್ತು. ಖೀಮಾ, ಕೋಸು, ಈರುಳ್ಳಿ, ಉಪ್ಪು, ಕಾಳುಮೆಣಸು, ಅಷ್ಟೇ ಸಾಮಾನು. ಕೋಸು ಚಳಿಗಾಲವಿಡೀ ನೆಲಮಾಳಿಗೆಯಲ್ಲಿ ಕೆಡದೆ ಉಳಿಯುತ್ತಿತ್ತು, ಸ್ವಲ್ಪ ಮಾಂಸವನ್ನು ಎಲ್ಲರಿಗೂ ಸಾಲುವಂತೆ ಮಾಡುತ್ತಿತ್ತು.

ನಮ್ಮವರು ಇದನ್ನು ಕಂಡ ಕೂಡಲೇ ಗರಂ ಮಸಾಲೆ ಹಾಕೋಣ ಅನ್ನುತ್ತಾರೆ, ಹಸಿಮೆಣಸಿನಕಾಯಿ ಹುಡುಕುತ್ತಾರೆ. ನಾನು ಒಪ್ಪುವುದಿಲ್ಲ. ಮಸಾಲೆ ಬಿದ್ದರೆ ಮೊದಲು ಮುಚ್ಚಿಹೋಗುವುದು ಕೋಸಿನ ಸಿಹಿ. ಎರಡು ಸಲ ನೆಲೆ ಕಿತ್ತುಕೊಂಡವರು ಜತೆಗೆ ತಂದ ರುಚಿ ಅದು. ಇಲ್ಲಿ ಸಾಂಪ್ರದಾಯಿಕವಾಗಿ ದನದ ಮಾಂಸ ಹಾಕುತ್ತಾರೆ, ನಮ್ಮ ಮನೆಯಲ್ಲಿ ಕುರಿಯದು. ಆ ಬದಲಾವಣೆಯನ್ನು ಬೀರಾಕ್ ತಾಳಿಕೊಳ್ಳುತ್ತದೆ. ಊರಿಂದ ತಂದ ಮಲೆನಾಡಿನ ಕಾಳುಮೆಣಸನ್ನು ಮಾತ್ರ ಧಾರಾಳವಾಗಿ ಕುಟ್ಟಿ ಹಾಕುತ್ತೇನೆ.

ಹಾಲು, ಬೆಣ್ಣೆ, ಮೊಟ್ಟೆ, ಯೀಸ್ಟ್ ಹಾಕಿ ನಾದಿದ ಕಣಕ ಉಬ್ಬುವಷ್ಟರಲ್ಲಿ ಹೂರಣ ತಣ್ಣಗಾಗಿರಬೇಕು. ಬಿಸಿ ಇದ್ದರೆ ಕಣಕದ ಬೆಣ್ಣೆ ಕರಗಿ ಅಂಚು ಜಾರುತ್ತದೆ. ಅಂಗೈಯಗಲ ಚೌಕ ಲಟ್ಟಿಸಿ, ನಡುವೆ ಹೂರಣವಿಟ್ಟು, ನಾಲ್ಕು ಮೂಲೆಗಳನ್ನೂ ಮೇಲಕ್ಕೆಳೆದು ಚಿವುಟಿ, ಆ ಗಂಟು ಕೆಳಗೆ ಬರುವಂತೆ ತಿರುಗಿಸಿ ಇಡುತ್ತೇನೆ. ತನ್ನದೇ ಭಾರಕ್ಕೆ ಅದು ಭದ್ರವಾಗುತ್ತದೆ. ಇನ್ನಷ್ಟು ಹೊತ್ತು ಉಬ್ಬಲು ಬಿಟ್ಟು, 190 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇಪ್ಪತ್ತು, ಇಪ್ಪತ್ತೈದು ನಿಮಿಷ ಸುಡಬೇಕು. ಹೊರತೆಗೆದ ತಕ್ಷಣ ಬೆಣ್ಣೆ ಸವರಿದರೆ ಮೇಲ್ಮೈ ಮೆತ್ತಗಿರುತ್ತದೆ.

ಎರಡೋ ನಾಲ್ಕೋ ಮಾಡಿ ಕೈತೊಳೆದುಕೊಳ್ಳುವ ಅಡುಗೆ ಇದಲ್ಲ. ಕೋಸಿಗೆ ಅಷ್ಟು ಹೊತ್ತು ಕೊಟ್ಟ ಮೇಲೆ ಫ್ರೀಜರ್ ತುಂಬುವಷ್ಟು ಮಾಡಬೇಕು, ಪಕ್ಕದ ಮನೆಗೂ ಕೊಡಬೇಕು. ಮರುದಿನ ಮೈಕ್ರೋವೇವಿಗೆ ಹಾಕಬೇಡಿ, ಓವನ್ನಿನಲ್ಲೇ ಬಿಸಿ ಮಾಡಿ, ಸಾಸಿವೆ ಸಾಸ್ ಹಚ್ಚಿಕೊಂಡು ತಿನ್ನಿ.